ಯಂತ್ರ ಗೆದ್ದಿತೆಂದು ನಾವು ಮಣೆ ಮಡಚಬೇಕೇ?

 

ಹೋದ ಶನಿವಾರ ನಮ್ಮ ಶಾಲಾ ಸಂಸತ್ತಿನ ಸಭೆಯಲ್ಲಿ ಒಂದು ಪ್ರಶ್ನೆ ಬಂತು. ಈ ವರ್ಷ ಆಟದ ಸಾಮಾನಿಗೆ ಇರುವ ಹಣ ಸ್ವಲ್ಪ. ಅದರಲ್ಲಿ ವಾಲಿಬಾಲ್ ನೆಟ್ ತರಬೇಕೋ, ಇಲ್ಲ ಹೊಸ ಚೆಸ್ ಬೋರ್ಡ್ ತರಬೇಕೋ? ನಮ್ಮ ಹಳೆಯ ಎರಡು ಬೋರ್ಡುಗಳ ಅವಸ್ಥೆ ನಿಮಗೆಲ್ಲ ಗೊತ್ತೇ ಇದೆ. ಒಂದರಲ್ಲಿ ಕಪ್ಪು ಆನೆ ಕಳೆದುಹೋಗಿ, ಸೀಮೆಸುಣ್ಣದ ತುಂಡಿಗೆ ಮಸಿ ಬಳಿದು ಆನೆ ಮಾಡಿದ್ದೇವೆ. ಇನ್ನೊಂದರಲ್ಲಿ ಎರಡು ಕಾಲಾಳುಗಳ ಜಾಗದಲ್ಲಿ ಹೊಂಗೆ ಬೀಜ ಕೂತಿವೆ.

ಆಗ ಒಬ್ಬರು ಎದ್ದು ನಿಂತು, "ಚೆಸ್ ಯಾಕೆ ಸಾರ್? ಈಗ ಮೊಬೈಲೇ ಪ್ರಪಂಚದ ಚಾಂಪಿಯನ್ನನ್ನೂ ಸೋಲಿಸುತ್ತೆ. ಮನುಷ್ಯರು ಆಡಿ ಏನು ಉಪಯೋಗ?" ಅಂದರು. ಸುಮಾರು ಜನ ಚಪ್ಪಾಳೆ ತಟ್ಟಿದರು. ಹೆಡ್‌ಮೇಷ್ಟ್ರು, "ಬರುವ ಸಭೆಯಲ್ಲಿ ತೀರ್ಮಾನ ಮಾಡೋಣ, ಅಷ್ಟರಲ್ಲಿ ಯೋಚನೆ ಮಾಡ್ಕೊಂಡು ಬನ್ನಿ" ಅಂತ ಸಭೆ ಮುಗಿಸಿದರು.

ನಮ್ಮ ತರಗತಿಯ ಚೆಸ್ ಪಂದ್ಯದಲ್ಲಿ ಈ ವರ್ಷ ಮೊದಲ ಬಹುಮಾನ ಬಂದದ್ದು ನನಗೆ. ಹಾಗಾಗಿ ಎದ್ದು ಉತ್ತರ ಕೊಡಬೇಕಾಗಿದ್ದವನು ನಾನೇ. ಆದರೆ ನಾನು ಬಾಯಿ ಬಿಡಲಿಲ್ಲ. ಮಾತಾಡುವ ಯೋಗ್ಯತೆ ನನಗಿರಲಿಲ್ಲ. ಯಾಕೆ ಅನ್ನುವುದನ್ನು ಮುಂದೆ ಬರೆದಿದ್ದೇನೆ. ದಯವಿಟ್ಟು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಓದಿ. ಈ ವಾರವೆಲ್ಲ ವಿಜ್ಞಾನದ ಮೇಷ್ಟ್ರನ್ನು ಕಾಡಿ, ಗ್ರಂಥಾಲಯದಲ್ಲಿ ಹುಡುಕಿ, ಒಂದಷ್ಟು ಸಂಗತಿ ತಿಳಿದುಕೊಂಡೆ. ಮೊದಲು ಅದನ್ನು ಹೇಳುತ್ತೇನೆ.

ಪೆಟ್ಟಿಗೆಯೊಳಗಿನ ಮನುಷ್ಯ

1770ರಲ್ಲಿ ವೋಲ್ಫ್‌ಗಾಂಗ್ ವಾನ್ ಕೆಂಪೆಲೆನ್ ಎಂಬಾತ ಒಂದು ಬೊಂಬೆ ಮಾಡಿ, ವಿಯೆನ್ನಾದಲ್ಲಿ ಮಹಾರಾಣಿ ಮಾರಿಯಾ ತೆರೇಸಾಳ ಆಸ್ಥಾನದಲ್ಲಿ ತೋರಿಸಿದ. ತುರ್ಕಿಯವರ ಥರ ರುಮಾಲು ಸುತ್ತಿದ ಬೊಂಬೆ, ಅದರ ಮುಂದೆ ದೊಡ್ಡ ಮರದ ಪೆಟ್ಟಿಗೆ, ಅದರ ಮೇಲೆ ಚೆಸ್ ಮಣೆ. ಪೆಟ್ಟಿಗೆ ಬಾಗಿಲು ತೆಗೆದರೆ ಒಳಗೆ ಗಡಿಯಾರದಲ್ಲಿರುವಂಥ ಹಲ್ಲುಚಕ್ರಗಳು ಕಾಣುತ್ತಿದ್ದವು. ಬೊಂಬೆ ಕೈ ಚಾಚಿ ತಾನೇ ಕಾಯಿ ನಡೆಸುತ್ತಿತ್ತು. ಊರೂರು ಸುತ್ತಿ ಅದು ದೊಡ್ಡ ದೊಡ್ಡವರನ್ನು ಸೋಲಿಸಿತು. 1809ರಲ್ಲಿ ನೆಪೋಲಿಯನ್ ಕೂಡ ಅದರೆದುರು ಸೋತ. ಜನ ಬೆಕ್ಕಸ ಬೆರಗಾದರು.

ಆದರೆ ಗುಟ್ಟು ಬೇರೆ ಇತ್ತು. ಆ ಪೆಟ್ಟಿಗೆಯೊಳಗೆ ಚೆನ್ನಾಗಿ ಚೆಸ್ ಬಲ್ಲ ಒಬ್ಬ ಮನುಷ್ಯ ಮುದುರಿಕೊಂಡು ಕೂತಿರುತ್ತಿದ್ದ! ಯಂತ್ರ ಆಡುತ್ತಿದೆ ಎಂದು ಜನ ನಂಬಿದ್ದರು. ನಿಜಕ್ಕೂ ಆಡುತ್ತಿದ್ದವನು ಒಳಗಿನ ಮನುಷ್ಯ. ಈ ಬೊಂಬೆಯ ಕತೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಿಜವಾದ ಪ್ರಯತ್ನ ಶುರುವಾದದ್ದು ಕಂಪ್ಯೂಟರ್ ಹುಟ್ಟುವ ಹೊತ್ತಿಗೆ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ತನ್ನ ಗೆಳೆಯನ ಜೊತೆ ಸೇರಿ 1948ರ ಸುಮಾರಿಗೆ ಚೆಸ್ ಆಡುವ ಒಂದು ವಿಧಾನವನ್ನು ಬರೆದ. ಆದರೆ ಅದನ್ನು ನಡೆಸಬಲ್ಲ ಕಂಪ್ಯೂಟರೇ ಆಗ ಇರಲಿಲ್ಲ. 1952ರಲ್ಲಿ ಟ್ಯೂರಿಂಗ್ ತಾನೇ ಕಂಪ್ಯೂಟರ್ ಆದ. ಕಾಗದದ ಮೇಲೆ ಒಂದೊಂದು ಲೆಕ್ಕವನ್ನೂ ಕೈಯಲ್ಲಿ ಮಾಡಿ, ಲೆಕ್ಕ ಏನು ಹೇಳಿತೋ ಆ ಕಾಯಿಯನ್ನೇ ನಡೆಸಿದ. ಒಂದು ನಡೆಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತಿತ್ತು. 29 ನಡೆಗಳಲ್ಲಿ ಅವನ ಕಾಗದದ ಯಂತ್ರ ಸೋತಿತು. ಇದು ನನಗೆ ಬಹಳ ಹಿಡಿಸಿತು. ಯಂತ್ರದ ಮೊದಲ ಪಾಠವೇ ಸೋಲು.

ಲೆಕ್ಕದ ಬೆಟ್ಟ

ಯಂತ್ರ ಯೋಚಿಸುವ ಬಗೆ ನಮಗೂ ಗೊತ್ತಿರುವುದೇ. "ನಾನು ಕುದುರೆ ನಡೆಸಿದರೆ ಅವನು ಒಂಟೆಯಲ್ಲಿ ಹೊಡೀತಾನೆ, ಆಗ ನಾನು ಆನೆ ತರ್ತೀನಿ" ಅಂತ ನಾವು ಮನಸ್ಸಿನಲ್ಲೇ ಅಂದುಕೊಳ್ಳುವುದಿಲ್ಲವೇ? ಅದನ್ನೇ ಅದು ಮಾಡುವುದು. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ಮಂತ್ರಿಗೆ 9 ಅಂತ ಬೆಲೆ ಕಟ್ಟಿ, ಯಾವ ದಾರಿಯಲ್ಲಿ ಹೋದರೆ ತನಗೆ ಲಾಭ ಎಂದು ನೋಡುತ್ತದೆ. ಎದುರಾಳಿ ತನಗೆ ಅತಿ ಕೆಟ್ಟದ್ದನ್ನೇ ಮಾಡುತ್ತಾನೆ ಎಂದು ಲೆಕ್ಕ ಹಾಕುತ್ತದೆ.

ತೊಂದರೆ ಎಲ್ಲಿ ಬರುತ್ತದೆಂದರೆ ಲೆಕ್ಕ ಬೆಟ್ಟದಂತೆ ಬೆಳೆಯುತ್ತದೆ. ಚೆಸ್ಸಿನಲ್ಲಿ ಬಿಳಿಯವರಿಗೆ ಮೊದಲ ನಡೆಗೆ 20 ದಾರಿ. ಕಪ್ಪಿನವರಿಗೂ 20. ಇಬ್ಬರೂ ಒಂದೊಂದು ನಡೆ ಇಡುವಷ್ಟರಲ್ಲಿ 400 ಬಗೆ ಆಯಿತು. ಅಮೆರಿಕದ ಕ್ಲಾಡ್ ಶಾನನ್ 1950ರಲ್ಲಿ ಅಂದಾಜು ಮಾಡಿದ ಪ್ರಕಾರ ಚೆಸ್ಸಿನಲ್ಲಿ ಸಾಧ್ಯವಿರುವ ಆಟಗಳ ಸಂಖ್ಯೆ 1ರ ಮುಂದೆ 120 ಸೊನ್ನೆ! ನಮ್ಮ ಕಪ್ಪು ಹಲಗೆಯ ಮೇಲೆ ಬರೆದರೂ ಎರಡು ಸಾಲಿಗೆ ಹೋಗುತ್ತದೆ. ಎಂಥ ಯಂತ್ರವೂ ಅಷ್ಟನ್ನೂ ನೋಡಿ ಮುಗಿಸಲಾರದು.

ಆದರೂ ವೇಗ ಹೆಚ್ಚಿದಂತೆ ಅದು ಮುಂದೆ ಮುಂದೆ ನೋಡತೊಡಗಿತು. ಐಬಿಎಂ ಕಂಪನಿಯ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಒಂದು ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡಬಲ್ಲದಾಗಿತ್ತು. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅದನ್ನು 4–2ರಿಂದ ಸೋಲಿಸಿದರು. ಸೋತವರು ಸುಮ್ಮನೆ ಕೂರಲಿಲ್ಲ, ಯಂತ್ರವನ್ನು ತಿದ್ದಿ ತೀಡಿ ಮತ್ತೆ ತಂದರು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಆರು ಆಟ. ಮೇ 11ರಂದು ಕೊನೆಯ ಆಟ ಬರೀ 19 ನಡೆಗಳಲ್ಲಿ ಮುಗಿದುಹೋಯಿತು. ಡೀಪ್ ಬ್ಲೂ 3.5–2.5ರಿಂದ ಗೆದ್ದಿತು.

ಆಗ ಕಾಸ್ಪರೋವ್ ಏನೆಂದು ಅನುಮಾನ ಪಟ್ಟರು ಗೊತ್ತೇ? ಯಂತ್ರಕ್ಕೆ ಮನುಷ್ಯರು ಯಾರೋ ಸಹಾಯ ಮಾಡಿದ್ದಾರೆ ಎಂದು! ಐಬಿಎಂನವರು ಅದನ್ನು ಅಲ್ಲಗಳೆದರು. ಅಂದರೆ ಹಳೇ ಬೊಂಬೆಯ ಕತೆಯೇ ಮತ್ತೆ ಬಂದಂತಾಯಿತು. ಯಂತ್ರದೊಳಗೆ ಮನುಷ್ಯ ಇದ್ದಾನಾ ಎಂಬ ಅನುಮಾನ.

ಇನ್ನೊಂದು ಕತೆ ಓದಿ ನನಗೆ ಕಣ್ಣು ತುಂಬಿ ಬಂತು. ಅದು ಚೆಕರ್ಸ್ ಎಂಬ ಆಟದ್ದು. ನಮ್ಮ ಕಡೆ ಅಷ್ಟಾಗಿ ಆಡುವುದಿಲ್ಲ, ಚೆಸ್ ಮಣೆಯ ಮೇಲೆಯೇ ಬಿಲ್ಲೆಗಳನ್ನು ಓರೆಯಾಗಿ ನಡೆಸಿ, ಎದುರಾಳಿಯ ಬಿಲ್ಲೆ ಹಾರಿ ಹೊಡೆಯುವ ಆಟ. ಅದರಲ್ಲಿ ಮೇರಿಯನ್ ಟಿನ್ಸ್ಲಿ ಎಂಬ ಗಣಿತದ ಪ್ರೊಫೆಸರರಿಗೆ ಸರಿಸಾಟಿಯೇ ಇರಲಿಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೋನಥನ್ ಶೆಫರ್ ತಮ್ಮ ತಂಡದೊಂದಿಗೆ ಚಿನೂಕ್ ಎಂಬ ಪ್ರೋಗ್ರಾಂ ಬರೆದರು. 1992ರಲ್ಲಿ ಟಿನ್ಸ್ಲಿ ನಾಲ್ಕು ಆಟ ಗೆದ್ದು, ಎರಡು ಸೋತು, 33 ಡ್ರಾ ಮಾಡಿ ಅದನ್ನು ಸೋಲಿಸಿದರು. 1994ರಲ್ಲಿ ಮತ್ತೆ ಎದುರಾದರು. ಆರು ಆಟ ಡ್ರಾ. ಅಷ್ಟರಲ್ಲಿ ಟಿನ್ಸ್ಲಿಗೆ ಕಾಯಿಲೆ ಜೋರಾಗಿ ಆಟ ಬಿಟ್ಟುಕೊಟ್ಟರು. ಮರುವರ್ಷ ತೀರಿಕೊಂಡರು. ಪ್ರಶಸ್ತಿ ಯಂತ್ರಕ್ಕೆ ಹೋಯಿತು, ಆದರೆ ಅದು ಅವರನ್ನು ಸೋಲಿಸಿ ಪಡೆದದ್ದಲ್ಲ. ಶೆಫರ್ ಬಿಡದೆ ಕೆಲಸ ಮುಂದುವರಿಸಿ 2007ರಲ್ಲಿ ಚೆಕರ್ಸ್ ಆಟವನ್ನೇ ಬಿಡಿಸಿಬಿಟ್ಟರು. ಇಬ್ಬರೂ ಒಂದೂ ತಪ್ಪು ಮಾಡದೆ ಆಡಿದರೆ ಕೊನೆಗೆ ಡ್ರಾ ಆಗುತ್ತದೆ ಎಂದು ತೋರಿಸಿದರು.

ನಮ್ಮಜ್ಜಿ ಆಡುವ ಅಳಿಗುಳಿಮಣೆಯ ಜಾತಿಯ ಆಟವನ್ನೂ ಯಂತ್ರ ಬಿಟ್ಟಿಲ್ಲ! ಗುಣಿಗಳಿಗೆ ಕಾಳು ಬಿತ್ತುತ್ತಾ ಹೋಗುವ ಆಟಗಳು ಆಫ್ರಿಕಾದಲ್ಲೂ ಇವೆ. ಅವುಗಳಲ್ಲಿ ಅವಾರಿ ಎಂಬ ಆಟಕ್ಕೆ 12 ಗುಣಿ, 48 ಕಾಳು. 2002ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ಅದರ 88,906 ಕೋಟಿಗೂ ಮೀರಿದ ಸ್ಥಿತಿಗಳನ್ನೆಲ್ಲ ಕಂಪ್ಯೂಟರುಗಳಿಂದ ಲೆಕ್ಕ ಹಾಕಿಸಿ, ಅದೂ ಡ್ರಾ ಎಂದು ಸಾಬೀತು ಮಾಡಿದರು. ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಹುಣಸೆ ಬೀಜ ಹಾಕ್ತಾ, "ಆಗ್ಲಿ ಬಿಡು ಮಗಾ, ಅದಕ್ಕೆ ಹೊತ್ತು ಹೋಗಬೇಕಲ್ಲ. ನಿನ್ನ ಸರದಿ, ಆಡು" ಅಂದರು.

ತನಗೆ ತಾನೇ ಸೋತ ಯಂತ್ರ

ಚೀನಾ, ಜಪಾನ್, ಕೊರಿಯಾಗಳಲ್ಲಿ ಗೋ ಎಂಬ ಆಟವಿದೆ. ಉದ್ದಕ್ಕೆ 19 ಗೆರೆ, ಅಡ್ಡಕ್ಕೆ 19 ಗೆರೆ, ಗೆರೆ ಕೂಡುವ 361 ಜಾಗಗಳಲ್ಲಿ ಕಪ್ಪು ಬಿಳಿ ಹರಳು ಇಡುತ್ತಾ ಜಾಗ ಸುತ್ತುವರಿಯುವ ಆಟ. ಅಲ್ಲಿ ಹರಳು ಕೂರಬಹುದಾದ ಬಗೆಗಳನ್ನು ಎಣಿಸಿದರೆ 171 ಅಂಕಿಯ ಸಂಖ್ಯೆ ಬರುತ್ತದೆ. ಬರೀ ವೇಗದಿಂದ ಇದು ಆಗುವ ಮಾತಲ್ಲ. ಹಾಗಾಗಿ ಅಲ್ಲಿ ಯಂತ್ರಕ್ಕೆ ಕಲಿಯುವುದನ್ನೇ ಕಲಿಸಬೇಕಾಯಿತು.

ಈ ಯೋಚನೆಯೂ ಹಳೆಯದೇ. ಐಬಿಎಂನಲ್ಲಿದ್ದ ಆರ್ಥರ್ ಸ್ಯಾಮ್ಯುಯೆಲ್ 1950ರ ದಶಕದಲ್ಲೇ ಚೆಕರ್ಸ್ ಪ್ರೋಗ್ರಾಂ ಬರೆದು, ಅದನ್ನು ಅದರ ನಕಲಿನ ಜೊತೆಯೇ ಆಡಿಸಿ ಸುಧಾರಿಸಿದ್ದರು. ಅದೇ ಬೀಜ ಮುಂದೆ ಹೆಮ್ಮರವಾಯಿತು. ಡೀಪ್‌ಮೈಂಡ್ ಎಂಬ ಸಂಸ್ಥೆಯ ಆಲ್ಫಾಗೋ 2016ರ ಮಾರ್ಚಿನಲ್ಲಿ ಸಿಯೋಲ್ ನಗರದಲ್ಲಿ ಕೊರಿಯಾದ ಮಹಾ ಆಟಗಾರ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿತು. ಎರಡನೆಯ ಆಟದಲ್ಲಿ ಅದು ಇಟ್ಟ 37ನೆಯ ಹರಳನ್ನು ನೋಡಿ ಬಲ್ಲವರೇ ತಪ್ಪು ಇಟ್ಟಿತೇನೋ ಅಂದುಕೊಂಡರಂತೆ. ಕೊನೆಗೆ ನೋಡಿದರೆ ಆ ಹರಳೇ ಆಟ ಗೆಲ್ಲಿಸಿತ್ತು. ಆದರೆ ನಾಲ್ಕನೆಯ ಆಟದಲ್ಲಿ ಲೀ ಸೆಡೋಲ್ ಇಟ್ಟ 78ನೆಯ ಹರಳಿಗೆ ಯಂತ್ರವೇ ದಿಕ್ಕು ತಪ್ಪಿತು. ಮೂರು ಆಟ ಸೋತು, ಪಂದ್ಯವೇ ಕೈಬಿಟ್ಟ ಮೇಲೆ ಆ ಮನುಷ್ಯ ಗೆದ್ದ ಆಟ ಅದು.

ಆಲ್ಫಾಗೋಗೆ ಮನುಷ್ಯರು ಆಡಿದ ಆಟಗಳನ್ನು ತೋರಿಸಿ ಕಲಿಸಿದ್ದರು. 2017ರಲ್ಲಿ ಬಂದ ಆಲ್ಫಾಗೋ ಜೀರೋಗೆ ಅದನ್ನೂ ತೋರಿಸಲಿಲ್ಲ. ಆಟದ ನಿಯಮ ಮಾತ್ರ ಹೇಳಿ ಬಿಟ್ಟರು. ಮೊದಲು ಅದು ಅಂಬೆಗಾಲಿನ ಮಗುವಿನ ಹಾಗೆ ಎಲ್ಲೆಂದರಲ್ಲಿ ಹರಳು ಇಟ್ಟಿತು. ತನ್ನ ಜೊತೆ ತಾನೇ ಆಡಿತು. ಒಂದೊಂದು ಆಟ ಮುಗಿದಾಗಲೂ, ಯಾವ ನಡೆ ಗೆಲ್ಲಿಸಿತು, ಯಾವುದು ಮುಳುಗಿಸಿತು ಎಂಬುದರಿಂದ ತನ್ನೊಳಗಿನ ಅಂದಾಜನ್ನು ಒಂದಿಷ್ಟು ತಿದ್ದಿಕೊಂಡಿತು. ಹೀಗೆ ಮೂರು ದಿನದಲ್ಲಿ 49 ಲಕ್ಷ ಆಟ. ಆಮೇಲೆ ಲೀ ಸೆಡೋಲ್ ಅವರನ್ನು ಸೋಲಿಸಿದ್ದ ಹಳೆಯ ಆಲ್ಫಾಗೋ ಜೊತೆ ಆಡಿಸಿದರೆ 100–0! ಅದೇ ವರ್ಷದ ಕೊನೆಗೆ ಬಂದ ಆಲ್ಫಾಜೀರೋ ಚೆಸ್ಸನ್ನೂ ಹೀಗೆಯೇ ಕಲಿತು, ಆಗ ಅತಿ ಬಲಶಾಲಿಯಾಗಿದ್ದ ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಂ ಜೊತೆ 100 ಆಟ ಆಡಿ 28 ಗೆದ್ದು, 72 ಡ್ರಾ ಮಾಡಿತು. ಒಂದೂ ಸೋಲಲಿಲ್ಲ. ಅದು ಕಲಿಯಲು ಆಡಿದ್ದು 4 ಕೋಟಿ 40 ಲಕ್ಷ ಆಟ ಎಂದು ಅದನ್ನು ಮಾಡಿದವರು ಆಮೇಲೆ ಬರೆದಿದ್ದಾರೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ತನ್ನ ಜೊತೆ ತಾನೇ ಆಡಿದರೆ ಗೆಲ್ಲುವವರು ಯಾರು? ತಾನೇ. ಸೋಲುವವರು? ಅದೂ ತಾನೇ! ಅಂದರೆ ಆ ಯಂತ್ರ ಎಷ್ಟು ಸಲ ಗೆದ್ದಿತೋ ಅಷ್ಟೇ ಸಲ ಸೋತಿದೆ. ನಾವೆಲ್ಲ ನೋಡಿದ್ದು ಕೊನೆಯ ಗೆಲುವನ್ನು ಮಾತ್ರ. ಅದರ ಹಿಂದಿನ ಲಕ್ಷಾಂತರ ಸೋಲುಗಳನ್ನು ಯಾರೂ ನೋಡಲಿಲ್ಲ. ಸೋಲೇ ಗೆಲುವಿನ ಸೋಪಾನ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿದೆ. ದಿನಾ ಓದುತ್ತೇನೆ, ಅರ್ಥವಾಗಿದ್ದು ಈ ವಾರ.

ನನ್ನ ತಪ್ಪು

ಈಗ ನನ್ನ ವಿಷಯ.

ಪಂದ್ಯದ ಕೊನೆಯ ಆಟ ನನಗೂ ನನ್ನ ಪಕ್ಕದ ಬೆಂಚಿನ ಗೆಳೆಯನಿಗೂ ನಡೆಯಿತು. ಕೊನೆಯ ಪಿರಿಯಡ್ ಮುಗಿದರೂ ಆಟ ಮುಗಿಯಲಿಲ್ಲ. ಬೆಲ್ ಹೊಡೆಯಿತು. ಪಿ.ಟಿ. ಮೇಷ್ಟ್ರು, "ಯಾವ ಕಾಯಿ ಎಲ್ಲಿದೆ ಅಂತ ಬರ್ಕೊಳ್ಳಿ, ನಾಳೆ ಬೆಳಗ್ಗೆ ಮುಂದುವರಿಸಿ" ಅಂದರು. ನನಗೆ ಒಂದು ಕಾಲಾಳು ಕಮ್ಮಿ ಇತ್ತು. ಸೋಲುತ್ತೇನೆ ಎಂದು ಗೊತ್ತಿತ್ತು.

ಆ ರಾತ್ರಿ ಊಟ ಆದ ಮೇಲೆ ಅಣ್ಣನ ಮೊಬೈಲ್ ಇಸಕೊಂಡೆ. ಅದರಲ್ಲಿ ಚೆಸ್ ಇದೆ. ಬರೆದುಕೊಂಡಿದ್ದ ಹಾಗೆಯೇ ಕಾಯಿ ಇಟ್ಟೆ. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕುದುರೆ ನಡೆ ತೋರಿಸಿತು. ನಾನು ಅದನ್ನು ಕನಸಿನಲ್ಲೂ ಯೋಚಿಸಿರಲಿಲ್ಲ. ಅವನು ಹೀಗೆ ನಡೆದರೆ ಹೀಗೆ, ಹಾಗೆ ನಡೆದರೆ ಹಾಗೆ ಅಂತ ಆರೇಳು ನಡೆ ಬಾಯಿಪಾಠ ಮಾಡಿದೆ. ಮಗ್ಗಿ ಕೂಡ ನಾನು ಅಷ್ಟು ಶ್ರದ್ಧೆಯಿಂದ ಬಾಯಿಪಾಠ ಮಾಡಿಲ್ಲ. ಮರುದಿನ ಬೆಳಗ್ಗೆ ಹತ್ತು ನಿಮಿಷದಲ್ಲಿ ಗೆದ್ದೆ. ಎಲ್ಲರೂ ಬೆನ್ನು ತಟ್ಟಿದರು. ಬಹುಮಾನವಾಗಿ ಜಾಮಿಟ್ರಿ ಬಾಕ್ಸ್ ಸಿಕ್ಕಿತು.

ಸಂಜೆ ಮನೆಗೆ ಹೋಗುವಾಗ ಗೆಳೆಯ ದಾರಿಯಲ್ಲಿ ಜೊತೆಗೂಡಿ, "ಲೋ, ಆ ಕುದುರೆ ನಡೆ ನಿಂಗೆ ಹೆಂಗೋ ಹೊಳೀತು? ನಂಗೂ ಹೇಳ್ಕೊಡೋ" ಅಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಕಲಿಯುವ ಆಸೆ ಇತ್ತು. ನನಗೆ ಹೇಳಿಕೊಡಲು ಬರಲಿಲ್ಲ. ಯಾಕೆಂದರೆ ಅದು ಯಾಕೆ ಒಳ್ಳೆಯ ನಡೆ ಎಂದು ನನಗೇ ಗೊತ್ತಿರಲಿಲ್ಲ! "ಸುಮ್ನೆ ಹೊಳೀತು ಕಣೋ" ಅಂದೆ. ಅವನು ಸ್ವಲ್ಪ ಹೊತ್ತು ನೋಡಿ, "ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು" ಅಂದು ಮುಂದೆ ನಡೆದುಬಿಟ್ಟ. ಅವತ್ತಿನಿಂದ ಅವನು ಚೆಸ್ ಮಣೆ ಹತ್ತಿರ ಬಂದಿಲ್ಲ. ನಾನು ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದು ತಿಳಿದಿದ್ದಾನೆ. ಗುಟ್ಟು ನಿಜವೇ, ಆದರೆ ಅವನು ತಿಳಿದ ಗುಟ್ಟಲ್ಲ.

ಹಿಂದೆ ದೊಡ್ಡ ದೊಡ್ಡ ಚೆಸ್ ಪಂದ್ಯಗಳಲ್ಲೂ ಆಟವನ್ನು ಹೀಗೆ ಮರುದಿನಕ್ಕೆ ಮುಂದೂಡುತ್ತಿದ್ದರಂತೆ. ರಾತ್ರಿಯೆಲ್ಲ ಕಂಪ್ಯೂಟರ್ ಕೇಳಿಕೊಂಡು ಬರಲು ಶುರುವಾದೀತೆಂದು 1990ರ ದಶಕದಲ್ಲಿ ಆ ಪದ್ಧತಿಯನ್ನು ಕೈಬಿಡತೊಡಗಿದರು. ಈಗ ಆಡುವಾಗ ಮೊಬೈಲ್ ಜೇಬಿನಲ್ಲಿ ಸಿಕ್ಕರೂ ಆಟ ಸೋತಂತೆ ಎಂದು ನಿಯಮವಿದೆ. ಇದನ್ನು ಓದಿದಾಗ ನನ್ನ ಮುಖಕ್ಕೇ ಹೇಳಿದಂತಾಯಿತು.

ಆ ಹಳೆಯ ಬೊಂಬೆಯನ್ನು ಈಗ ನೆನೆಸಿಕೊಳ್ಳಿ. ಅಲ್ಲಿ ಯಂತ್ರದ ವೇಷದೊಳಗೆ ಮನುಷ್ಯ ಕೂತಿದ್ದ. ನನ್ನ ಆಟದಲ್ಲಿ ಮನುಷ್ಯನ ವೇಷದೊಳಗೆ ಯಂತ್ರ ಕೂತಿತ್ತು. ಬೊಂಬೆ ನಾನಾಗಿದ್ದೆ. ಕೈ ಮಾತ್ರ ನನ್ನದು.

ಇನ್ನೊಂದು ನಷ್ಟವೂ ಆಯಿತು. ಅವತ್ತು ನಾನು ಸೋತಿದ್ದರೆ, ಕಾಲಾಳನ್ನು ಎಲ್ಲಿ ಕಳೆದುಕೊಂಡೆ ಎಂದು ಮನೆಗೆ ಹೋಗಿ ಯೋಚಿಸುತ್ತಿದ್ದೆ. ಯಂತ್ರವೇ ಲಕ್ಷಗಟ್ಟಲೆ ಸೋತು ಕಲಿತಿದೆ. ನಾನು ಆ ಯಂತ್ರವನ್ನೇ ಬಳಸಿಕೊಂಡು ನನಗೆ ಬರಬೇಕಾಗಿದ್ದ ಒಂದೇ ಒಂದು ಸೋಲನ್ನು ತಪ್ಪಿಸಿಕೊಂಡೆ.

ಹಾಗಾದರೆ ಆಡುವುದು ಯಾಕೆ?

ಯಂತ್ರ ಗೆದ್ದ ಮೇಲೆ ಮನುಷ್ಯರು ಆಡಿ ಉಪಯೋಗವಿಲ್ಲ ಎಂಬ ಮಾತಿಗೆ ಬರೋಣ. ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಇಲ್ಲವೆನ್ನುವುದಿಲ್ಲ. ಲೀ ಸೆಡೋಲ್ ಅವರೇ 2019ರಲ್ಲಿ ಆಟದಿಂದ ನಿವೃತ್ತರಾದಾಗ, ಯಂತ್ರವನ್ನು ಇನ್ನು ಸೋಲಿಸಲು ಆಗದೆಂಬುದೂ ಒಂದು ಕಾರಣ ಎಂದರು. ಅಷ್ಟು ದೊಡ್ಡ ಆಟಗಾರನಿಗೇ ಮನಸ್ಸು ಮುರಿದಿದ್ದರೆ ನಮ್ಮಂಥವರ ಪಾಡೇನು ಎಂದು ನೀವು ಕೇಳಬಹುದು.

ಆದರೆ ಲೆಕ್ಕ ನೋಡಿ. ಡೀಪ್ ಬ್ಲೂ ಗೆದ್ದ 1997ರ ಕೊನೆಗೆ ನಮ್ಮ ಇಡೀ ದೇಶದಲ್ಲಿ ಇದ್ದ ಗ್ರ್ಯಾಂಡ್‌ಮಾಸ್ಟರುಗಳು ಮೂವರು: ವಿಶ್ವನಾಥನ್ ಆನಂದ್, ದಿವ್ಯೇಂದು ಬರುವಾ, ಪ್ರವೀಣ್ ಥಿಪ್ಸೆ. ಇವತ್ತು ಆ ಸಂಖ್ಯೆ 80 ದಾಟಿದೆ. ನಮ್ಮ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ತೇಜ್‌ಕುಮಾರ್, ಆ ಪಟ್ಟ ಪಡೆದದ್ದು 2017ರಲ್ಲಿ, ಆಲ್ಫಾಜೀರೋ ಬಂದ ವರ್ಷವೇ. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟಿನ ಚೆಸ್ ಒಲಿಂಪಿಯಾಡಿನಲ್ಲಿ ಭಾರತದ ಎರಡೂ ತಂಡಗಳು, ಅಂದರೆ ಮುಕ್ತ ವಿಭಾಗದ ತಂಡವೂ ಹೆಣ್ಣುಮಕ್ಕಳ ತಂಡವೂ, ಚಿನ್ನ ಗೆದ್ದವು. ಅದೇ ವರ್ಷ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಯಂತ್ರ ಗೆದ್ದಿದ್ದರಿಂದ ಆಟ ಸತ್ತಿದ್ದರೆ ಇವರೆಲ್ಲ ಎಲ್ಲಿಂದ ಬಂದರು?

ಗುಕೇಶ್ ಬಗ್ಗೆ ಒಂದು ಮಾತು ವಿಶೇಷ. ಅವರ ಗುರು ವಿಷ್ಣು ಪ್ರಸನ್ನ ಅವರು ಗುಕೇಶ್ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವ ತನಕ ಚೆಸ್ ಕಂಪ್ಯೂಟರ್ ಬಳಸಲು ಬಿಡಲಿಲ್ಲ. ಮೊದಲು ನಿನ್ನ ತಲೆ ಓಡಲಿ, ಆಮೇಲೆ ಯಂತ್ರ ಎಂಬ ಕ್ರಮ. ಮೊದಲೇ ಊರುಗೋಲು ಕೊಟ್ಟರೆ ಮಗು ನಡೆಯುವುದನ್ನು ಕಲಿಯುವುದೇ ಇಲ್ಲ ಅಲ್ಲವೇ?

ಹಾಗಂತ ನಾನು ಯಂತ್ರದ ವಿರೋಧಿ ಅಲ್ಲ. ಯಂತ್ರದಿಂದ ಮನುಷ್ಯರು ಕಲಿತೂ ಇದ್ದಾರೆ. ಗೋ ಆಟದ ಶುರುವಿನಲ್ಲೇ ಎದುರಾಳಿಯ ಮೂಲೆಗೆ ನುಗ್ಗಬಾರದು ಎಂದು ಹಿಂದೆ ಹೇಳಿಕೊಡುತ್ತಿದ್ದರಂತೆ. ಯಂತ್ರ ಹಾಗೆ ನುಗ್ಗಿ ಗೆದ್ದದ್ದನ್ನು ನೋಡಿ ಈಗ ದೊಡ್ಡ ಆಟಗಾರರೂ ನುಗ್ಗುತ್ತಾರೆ. ನಮ್ಮಂಥ ಹಳ್ಳಿ ಮಕ್ಕಳಿಗೆ ಚೆಸ್ ಹೇಳಿಕೊಡುವ ಗುರುಗಳು ಹತ್ತಿರದಲ್ಲಿ ಇಲ್ಲ. ಪೇಟೆಗೆ ಹೋಗಿ ಫೀಸು ಕೊಟ್ಟು ಕಲಿಯಲು ಎಲ್ಲರಿಗೂ ಆಗುವುದಿಲ್ಲ. ಸ್ಟಾಕ್‌ಫಿಶ್ ಆದರೆ ಬಿಟ್ಟಿಯಾಗಿ ಸಿಗುತ್ತದೆ. ಆಡಿದ ಮೇಲೆ ಅದಕ್ಕೆ ತೋರಿಸಿದರೆ ಎಲ್ಲಿ ತಪ್ಪಿದೆವು ಎಂದು ಸರಿಯಾಗಿ ಹೇಳುತ್ತದೆ. ಹಣವಿದ್ದವರ ಮಕ್ಕಳಿಗೂ ನಮಗೂ ಅದು ಒಂದೇ ಉತ್ತರ ಕೊಡುತ್ತದೆ. ಆದರೆ ಅದು ಯಾಕೆ ತಪ್ಪು ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ, ಒಂದು ನಡೆ, ಒಂದು ಅಂಕಿ ತೋರಿಸುತ್ತದೆ ಅಷ್ಟೇ. ಯಾಕೆ ಎನ್ನುವುದನ್ನು ನಾವೇ ಇಬ್ಬರು ಕೂತು ಯೋಚಿಸಬೇಕು. ಆ ಯೋಚನೆಗೇ ಆಟ ಎನ್ನುವುದು.

ಅಜ್ಜಿಯ ಅಳಿಗುಳಿಮಣೆಯಲ್ಲಿ ಒಂದು ಕಟ್ಟುನಿಟ್ಟು ಇದೆ. ಗುಣಿಯಲ್ಲಿರುವ ಬೀಜ ಮುಟ್ಟಿ ಎಣಿಸಬಾರದು, ಕಣ್ಣಲ್ಲೇ ನೋಡಿ ಮನಸ್ಸಲ್ಲೇ ಎಣಿಸಬೇಕು. ಮುಟ್ಟಿದರೆ ಸರದಿ ಹೋಯಿತು. ಚಿಕ್ಕವನಾಗಿದ್ದಾಗ, "ಎಣಿಸಿದ್ರೆ ಏನಜ್ಜಿ ತಪ್ಪು?" ಅಂತ ಜಗಳ ಆಡುತ್ತಿದ್ದೆ. ಅಜ್ಜಿ, "ಬೀಜ ಎಣಿಸೋಕೆ ಬೆರಳು ಸಾಕು ಕಣಪ್ಪ, ಆಟಕ್ಕೆ ಯಾಕೆ ಕೂತ್ಕೋಬೇಕು?" ಅನ್ನುತ್ತಿದ್ದರು. ಆಗ ಅದು ಬರೀ ಅಜ್ಜಿ ಮಾತು ಅನ್ನಿಸಿತ್ತು.

ನನ್ನ ಸಲಹೆಗಳು

ಬರುವ ಸಭೆಯ ಮುಂದೆ ಇಡಲು ಇವನ್ನು ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ.

1. ಹೊಸ ಬೋರ್ಡ್ ಬೇಡವೇ ಬೇಡ. ಹಳೆಯ ಮಣೆಗಳು ಗಟ್ಟಿಯಾಗಿವೆ. ಕಾಯಿಗಳ ಒಂದು ಸೆಟ್ ತಂದರೆ ಎರಡೂ ಬೋರ್ಡಿಗೆ ಕಳೆದ ಕಾಯಿ ತುಂಬಿಕೊಳ್ಳುತ್ತವೆ. ಉಳಿದ ಹಣಕ್ಕೆ ವಾಲಿಬಾಲ್ ನೆಟ್ ತರಲಿ. ವಾಲಿಬಾಲಿಗೂ ಚೆಸ್ಸಿಗೂ ಜಗಳ ಹಚ್ಚಬೇಕಾಗಿಲ್ಲ.

2. ಆಡುವಾಗ ಯಂತ್ರ ಬೇಡ, ಆಡಿದ ಮೇಲೆ ಇರಲಿ. ವಾರಕ್ಕೊಮ್ಮೆ ಮೇಷ್ಟ್ರ ಸಮ್ಮುಖದಲ್ಲಿ, ಆಡಿ ಮುಗಿಸಿದ ಒಂದು ಆಟವನ್ನು ಶಾಲೆಯ ಕಂಪ್ಯೂಟರಿಗೆ ತೋರಿಸಿ ಎಲ್ಲರೂ ಸೇರಿ ನೋಡೋಣ.

3. ಅರ್ಧಕ್ಕೆ ನಿಂತ ಆಟವನ್ನು ಮರುದಿನಕ್ಕೆ ಇಡುವುದು ಬೇಡ. ಇದರ ಕಾರಣ ನಾನೇ.

4. ಗೆದ್ದವರು ಸೋತವರಿಗೆ ತಮ್ಮ ಒಂದು ನಡೆಯನ್ನಾದರೂ ಯಾಕೆ ನಡೆದೆ ಎಂದು ಬಿಡಿಸಿ ಹೇಳಬೇಕು. ಹೇಳಲು ಬಾರದಿದ್ದರೆ ಆ ಗೆಲುವನ್ನು ಲೆಕ್ಕಕ್ಕೆ ಹಿಡಿಯಬಾರದು.

ನಾಲ್ಕನೆಯ ನಿಯಮವನ್ನು ಮೊದಲು ನನಗೇ ಹಾಕಿಕೊಂಡಿದ್ದೇನೆ. ನನ್ನ ಗೆಲುವು ಲೆಕ್ಕಕ್ಕಿಲ್ಲ. ನಿನ್ನೆ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ ಜಾಮಿಟ್ರಿ ಬಾಕ್ಸ್ ವಾಪಸ್ಸು ಕೊಟ್ಟೆ. ಬೈಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಕ್ಸನ್ನು ಮೇಜಿನ ಮೇಲೆ ಇಟ್ಟು, "ನನಗೆ ಹೇಳಿದ್ದು ಸರಿ. ಹೇಳಬೇಕಾದವನಿಗೆ ಹೇಳಿದ್ಯಾ?" ಅಂದರು. ಮುಖ ಕೊಟ್ಟು ಹೇಳಲು ಧೈರ್ಯ ಸಾಲಲಿಲ್ಲ. ಅದಕ್ಕೇ ಎಲ್ಲರೂ ಓದುವ ಈ ಗೋಡೆಯ ಮೇಲೆ ಬರೆಯುತ್ತಿದ್ದೇನೆ.

ಗೆಳೆಯಾ, ಆ ಕುದುರೆ ನಡೆ ನನ್ನದಲ್ಲ. ಈ ವಾರ ದಿನಾ ರಾತ್ರಿ ಅದೇ ಸ್ಥಿತಿಯನ್ನು ಕಾಗದದ ಮೇಲೆ ಬರೆದುಕೊಂಡು ಕೂತೆ. ಈಗ ಅರ್ಧ ಅರ್ಥವಾಗಿದೆ. ಆ ಕುದುರೆ ನಿನ್ನ ಮಂತ್ರಿಯನ್ನೂ ಆನೆಯನ್ನೂ ಒಟ್ಟಿಗೇ ಹಿಡಿಯಲು ಹೊರಟಿತ್ತು, ಅದಕ್ಕೇ ನಿನ್ನ ಮಂತ್ರಿ ಜಾಗ ಬಿಡಬೇಕಾಯಿತು. ಉಳಿದರ್ಧ ನನಗೆ ತಿಳಿಯುತ್ತಿಲ್ಲ. ನೀನು ನನಗಿಂತ ಚೆನ್ನಾಗಿ ಆಡುತ್ತೀಯ, ನಿನಗೆ ತಿಳಿದೀತು. ಬರುವ ಶನಿವಾರ ಊಟದ ಬಿಡುವಿನಲ್ಲಿ ಹುಣಸೆ ಮರದ ಕೆಳಗೆ ಮಣೆ ಹಾಸಿರುತ್ತೇನೆ. ಆಟ ನಿಂತ ಜಾಗದಿಂದಲೇ ಶುರು ಮಾಡೋಣ. ಕಪ್ಪು ಆನೆಗೆ ಹೊಸದಾಗಿ ಮಸಿ ಬಳಿದು ಇಟ್ಟಿದ್ದೇನೆ. ನನಗೆ ಒಂದು ಕಾಲಾಳು ಕಮ್ಮಿ ಇರುತ್ತದೆ, ಇರಲಿ.

 ನಿಮ್ಮ ಅಭಿಪ್ರಾಯವನ್ನು ಒಂದು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ನನ್ನನ್ನು ಬೈದು ಬರೆದರೂ ಪರವಾಗಿಲ್ಲ.

ಇಂತಿ ನಿಮ್ಮ ಸಹಪಾಠಿ,
10ನೇ ತರಗತಿ